ನಮ್ಮ ಪಾಲಿಗೆ ಬಂದ ಚೀಲ

ಕಾಗಿನೆಲೆ,
ರವಿವಾರ, ೯ ನವೆಂಬರ್ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ತಂಗಿ ದೀಪಿಕಾಳ ನಮಸ್ಕಾರ. ನಿನ್ನ ಕೆಮ್ಮು ಈಗ ಹೇಗಿದೆ? ಹೋದ ಭೇಟಿಯಲ್ಲಿ ಗಾಜಿನ ಆಚೆ ನೀನು ಬಾಯಿಗೆ ಕೈ ಹಿಡಿದು ಮೂರು ಸಲ ಬಾಗಿದ್ದನ್ನು ಅವ್ವ ನೋಡಿದಳು. ಫೋನು ಅವಳ ಕೈಯಲ್ಲೇ ಇತ್ತು, ಆದರೂ ಕೇಳಲಿಲ್ಲ. ಬಸ್ಸು ಹತ್ತಿದ ಮೇಲೆ ಬ್ಯಾಡಗಿ ಬರುವವರೆಗೂ "ಅಂವಗ ಕುಡಿಯಾಕ ಬಿಸಿನೀರು ಕೊಡ್ತಾರೋ ಇಲ್ಲೋ" ಎಂದು ನನ್ನನ್ನೇ ಕೇಳುತ್ತಾ ಬಂದಳು, ನಾನೇನೋ ಅಲ್ಲಿಯ ಅಡುಗೆಯವಳು ಎನ್ನುವ ಹಾಗೆ. ಅಲ್ಲಿಯ ಡಾಕ್ಟರಿಗೆ ತೋರಿಸು, ನಾಚಬೇಡ. ನಾಚಿಕೆ ನನ್ನ ಪಾಲಿಗೆ ಬಂದದ್ದು, ನಿನ್ನ ಪಾಲಿಗೆ ಬಂದದ್ದಲ್ಲ. ನಿನ್ನ ಹಸಿರು ಸ್ವೆಟರ್ ತಂದಿದ್ದೆವು. ಚೀಟಿ ಮಾಡಿಸಿಲ್ಲ ಎಂದು ಬಾಗಿಲಲ್ಲೇ ವಾಪಸ್ ಕೊಟ್ಟರು. ಮುಂದಿನ ಸಲ ಮೊದಲು ಚೀಟಿ, ಆಮೇಲೆ ಸ್ವೆಟರ್.

ಈ ಕಾಗದವನ್ನು ನಿನಗಿಂತ ಮೊದಲು ಅಲ್ಲಿಯ ಸಾಹೇಬರು ಒಡೆದು ಓದುತ್ತಾರಂತೆ. ಸೈದಾಬಿ ಹೇಳಿದಳು. ನನ್ನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಸೈದಾಬಿ ನಿನಗೆ ಗೊತ್ತಲ್ಲ, ಅವಳ ಮೈದುನ ಒಂದು ವರ್ಷ ಜೈಲಿನೊಳಗಿದ್ದ. ಹಾಗಾದರೆ ಆ ಸಾಹೇಬರಿಗೂ ನನ್ನ ನಮಸ್ಕಾರ. ಏಳನೆಯ ತರಗತಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು, ಅಕ್ಷರ ತಪ್ಪಿದ್ದರೆ ಅವರೂ ನಗಬಾರದು, ನೀನೂ ನಗಬಾರದು. ಎದುರಿಗೆ ಬಂದಾಗ ನನಗೆ ಮಾತಾಡಲು ಆಗುವುದಿಲ್ಲ. ಗಾಜಿನ ಮುಂದೆ ಹತ್ತು ಜನ ಒಟ್ಟಿಗೆ ಕೂಗುತ್ತಿರುತ್ತಾರೆ, ಹಿಂದೆ ಪೊಲೀಸರು ಗಡಿಯಾರ ನೋಡುತ್ತಾ ನಿಂತಿರುತ್ತಾರೆ, ಫೋನು ನನ್ನ ಕೈಗೆ ಬರುವ ಹೊತ್ತಿಗೆ ಟೈಮ್ ಮುಗಿದಿರುತ್ತದೆ. ಖರೇ ಹೇಳಬೇಕೆಂದರೆ, ಮುಗಿಯಲಿ ಎಂದು ನಾನೇ ಹಿಂದೆ ನಿಂತಿರುತ್ತೇನೆ. ಸೈದಾಬಿ ಮೊನ್ನೆ ಬುಟ್ಟಿಯ ಮುಂದೆ ಕೂತು "ಅಲ್ಲಬೇ, ನಿನ್ನ ಬಾಯಾಗ ಇವ ಮೆಣಸಿನಕಾಯಿ ತುಂಬ್ಯಾರೇನು? ಹೇಳಾಕ ಬರದಿದ್ರ ಬರಿ. ಬರಿಯಾಕರ ಬರ್ತೈತಲ್ಲ?" ಎಂದು ಬೈದಳು. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯ ಸುದ್ದಿ ಹೇಳಿಬಿಡುತ್ತೇನೆ. ಅವ್ವನ ಮೊಣಕಾಲು ಮೊದಲಿನ ಹಾಗೇ ಇದೆ, ಏಳುವಾಗ ಗೋಡೆ ಹಿಡಿಯುತ್ತಾಳೆ, ನಡೆಯಲು ಶುರು ಮಾಡಿದರೆ ನನಗಿಂತ ಮುಂದೆ. ನಿನ್ನೆ ಕನಕ ಜಯಂತಿ ಇತ್ತು, ಊರಿನ ತುಂಬ ಹೊರಗಿನ ಜನ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ನನಗೆ ಕೆಲಸಕ್ಕೆ ಹೋಗಲಾಗಲಿಲ್ಲ. ನಮ್ಮ ಹೊಲದ ಮೆಣಸಿನ ಗಿಡಗಳು ಮೊಣಕಾಲಿಗಿಂತ ಮೇಲೆ ಬಂದಿವೆ, ಹಸಿರು ಕಾಯಿ ಹಿಡಿದಿವೆ. ಅವ್ವ ಬೀಜಕ್ಕೆ ಬಿಡುವ ಗಿಡಗಳಿಗೆ ಈಗಲೇ ಬಿಳಿ ದಾರ ಕಟ್ಟಿ ಬಂದಿದ್ದಾಳೆ. ಆರು ವರ್ಷದಿಂದ ಅವಳ ಬೀಜವನ್ನು ಯಾರೂ ಕೇಳಲು ಬಂದಿಲ್ಲ, ಆದರೂ ದಾರ ಕಟ್ಟುವುದನ್ನು ಬಿಟ್ಟಿಲ್ಲ.

ಈಗ ಕೋರ್ಟಿನ ಮಾತು. ಅಕ್ಟೋಬರ್ ಇಪ್ಪತ್ತೇಳನೆಯ ತಾರೀಖು ನಿನ್ನನ್ನು ಕರೆದುಕೊಂಡು ಬರುತ್ತಾರೆ ಎಂದು ನಾವು ಬೆಳಿಗ್ಗೆಯೇ ಹೋಗಿ ಮೆಟ್ಟಿಲ ಹತ್ತಿರ ಕೂತಿದ್ದೆವು. ಅವ್ವ ಸೆರಗಿನಲ್ಲಿ ಎರಡು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ನೀನು ಬರಲಿಲ್ಲ, ಗೋಡೆಯ ಮೇಲಿನ ಟಿವಿಯಲ್ಲಿ ನಿನ್ನ ಮುಖ ಬಂತು. ನಿನ್ನ ಬಾಯಿ ಮೊದಲು ಆಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಜಡ್ಜ್ ಸಾಹೇಬರು ಫೈಲು ತಿರುವಿ, ಪರೀಕ್ಷೆಗೆಂದು ಬೀಜ ತೆಗೆದ ದಿನ ಆರೋಪಿಗೆ ಕೊಟ್ಟ ಪಾಲು ಎಲ್ಲಿದೆ ಎಂದು ಕೇಳಿದರು. ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನೀನು ಜೋರಾಗಿ, "ಐತ್ರೀ ಸಾಹೇಬ್ರ. ಕೊಟ್ಟಾಗಿಂದ ಅದನ್ನ ಯಾರೂ ಮುಟ್ಟಿಲ್ಲರಿ. ನಮ್ಮವ್ವನ ಹತ್ರ ಐತಿ. ಬೇಕಾದ್ರ ಲ್ಯಾಬಿಗೆ ಕಳಸ್ರಿ" ಎಂದೆ. ಟಿವಿಯೊಳಗೆ ನೀನು ಆಗಲೇ ಸುಮ್ಮನಾಗಿದ್ದೆ, ನಿನ್ನ ಮಾತು ಇನ್ನೂ ಬರುತ್ತಿತ್ತು. ನವೆಂಬರ್ ಹದಿನೆಂಟು, ಮಂಗಳವಾರ, ಆ ಪಾಲಿನ ಚೀಲವನ್ನು ಕೋರ್ಟಿಗೆ ತನ್ನಿ ಎಂದು ಬರೆಸಿದರು. ಆ ಹೊತ್ತಿನಿಂದ ಈ ಹೊತ್ತಿನವರೆಗೆ ನಾನು ಬೇರೆ ಯಾವುದನ್ನೂ ನೆನೆಸಿಲ್ಲ.

ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತಿದ್ದೇನೆ ಎನ್ನಬೇಡ. ಎಲ್ಲವನ್ನೂ ಮೊದಲಿನಿಂದ ಸಾಲಾಗಿ ಬರೆದರೆ ನನಗೆ ಸ್ವಲ್ಪ ಉಸಿರು ಬರುತ್ತದೆ. ಅವ್ವ ಪ್ರತಿ ವರ್ಷ ಗಿಡ ನೋಡಿ, ಕಾಯಿ ನೋಡಿ, ಸುಕ್ಕು ಚೆನ್ನಾಗಿ ಬಿದ್ದ ಉದ್ದನೆಯ ಕಡ್ಡಿ ಮೆಣಸಿನಕಾಯಿಯನ್ನೇ ಆರಿಸಿ ಬೀಜ ತೆಗೆಯುತ್ತಿದ್ದಳು. ಊರಿನವರು ಬಂದು ಮುಷ್ಟಿ ಮುಷ್ಟಿ ಒಯ್ಯುತ್ತಿದ್ದರು. ನೀನು ಬೀಜ ಮಾರುವ ಲೈಸೆನ್ಸ್ ತೆಗೆದುಕೊಂಡು, ಅಂಗಡಿ ಇಟ್ಟು, ರಾಣೇಬೆನ್ನೂರಿನಲ್ಲಿ ಪಾಕೀಟು ಅಚ್ಚು ಹಾಕಿಸಿ, ಮೇಲೆ "ಉಚ್ಚಂಗೆವ್ವ ಕಡ್ಡಿ" ಎಂದು ಅವ್ವನ ಹೆಸರನ್ನೇ ಬರೆಸಿದೆ. ಅವ್ವ ಓದಲು ಬರದವಳು, ಆ ಪಾಕೀಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ನಾ ಎಲ್ಲಿದೀನಿ?" ಎಂದು ಕೇಳಿದ್ದಳು. ನೀನು ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟೆ. ಅದು ೨೦೧೯ರ ಬೇಸಿಗೆ. ಜೂನಿನಲ್ಲಿ ಗುತ್ತಲ ಕಡೆಯ ಕೊಟ್ರಪ್ಪನ ಸಸಿಮಡಿ ಏಳಲಿಲ್ಲ. ಅವನು ದೂರು ಕೊಟ್ಟ. ಅಧಿಕಾರಿಗಳು ಬಂದು ನಿನ್ನ ಅಂಗಡಿಯಲ್ಲಿ ಉಳಿದ ಬೀಜ ತೆಗೆದು ಮೂರು ಪಾಲು ಮಾಡಿದರು. ಒಂದು ಪರೀಕ್ಷೆಗೆ, ಒಂದು ಅವರಿಗೆ, ಒಂದು ನಮಗೆ. ಮುಷ್ಟಿ ಗಾತ್ರದ ಬಿಳಿ ಬಟ್ಟೆಯ ಚೀಲ, ಬಾಯಿಗೆ ಹುರಿ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ. ಕೊಡುವಾಗ ಆ ಅಧಿಕಾರಿ, "ಇದು ನಿನ್ನ ಪಾಲು. ಒಡೀಬ್ಯಾಡ. ಮುಂದ ನಿನಗ ಬೇಕಾಗ್ತೈತಿ" ಎಂದಿದ್ದ. ನೀನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವ್ವನಿಗೆ ಕೊಟ್ಟೆ.

ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತೊಂದು ಮೊಳೆತವು, ಅರವತ್ತಾದರೂ ಮೊಳೆಯಬೇಕಿತ್ತು ಎಂದು ಬಂತು. ಪರೀಕ್ಷೆಗೆ ಒಯ್ದ ಪಾಲು ಅದಕ್ಕೆ ಮೊದಲು ಯಾವ ಕೋಣೆಯಲ್ಲಿ, ಯಾವ ತಗಡಿನ ಕೆಳಗೆ ಎಷ್ಟು ದಿನ ಬಿದ್ದಿತ್ತೋ ನಮಗೆ ಗೊತ್ತಿಲ್ಲ. ನಿನ್ನ ಮೇಲೆ ಮೋಸದ ಕೇಸಾಯಿತು. ಸೋಮಪ್ಪ ಕಾಕಾ ತನ್ನ ಹೊಲದ ಪಹಣಿ ಕೊಟ್ಟು ಜಾಮೀನು ನಿಂತ, ನೀನು ಐದನೆಯ ದಿನ ಮನೆಗೆ ಬಂದೆ. ಆರು ತಿಂಗಳಲ್ಲಿ ಮುಗಿಯುತ್ತದೆ ಎಂದು ಆಗಿನ ವಕೀಲರು ಹೇಳಿದ್ದರು. ಆಮೇಲೆ ಕೊರೋನಾ ಬಂತು. ಚಾರ್ಜ್‌ಶೀಟು ಕೋರ್ಟಿಗೆ ಹೋಗುವ ಹೊತ್ತಿಗೆ ಎರಡೂವರೆ ವರ್ಷ. ನಿನಗೆ ಮೊದಲ ಸಮನ್ಸು ಬಂದದ್ದು ಮೂರನೆಯ ವರ್ಷ, ಅದನ್ನು ನಾನೇ ಓದಿ ಹೇಳಿದ್ದೆ, ಒಂದೊಂದು ಪದ ಎರಡೆರಡು ಸಲ. ನಂತರ ಒಮ್ಮೆ ಜಡ್ಜ್ ರಜೆ, ಒಮ್ಮೆ ವರ್ಗ, ಒಮ್ಮೆ ಹೊಸಬರು ಇನ್ನೂ ಬಂದಿಲ್ಲ. ಬೀಜ ತೆಗೆದ ಅಧಿಕಾರಿ ಬೀದರ್ ಕಡೆ ಹೋಗಿದ್ದಾರೆ, ಅವರಿಗೆ ನೋಟಿಸು ಮುಟ್ಟಿಲ್ಲ. ಬೀಜ ತೆಗೆದಾಗ ಸಾಕ್ಷಿಗೆ ಸಹಿ ಹಾಕಿದ ಪಂಚರಲ್ಲಿ ಒಬ್ಬ ತೀರಿಕೊಂಡ. ಕ್ಯಾಲೆಂಡರಿನ ಹಿಂದೆ ನಾನು ತಾರೀಖು ಬರೆದಿಡುತ್ತಿದ್ದೆ, ಕ್ಯಾಲೆಂಡರು ಬದಲಾದಾಗ ಹಳೆಯದನ್ನು ಎಸೆಯದೆ ಅದೇ ಮೊಳೆಗೆ ಹಾಕುತ್ತಿದ್ದೆ. ಈಗ ಆ ಮೊಳೆಗೆ ಏಳು ಕ್ಯಾಲೆಂಡರುಗಳಿವೆ. ಒಬ್ಬ ಸಾಕ್ಷಿಯ ವಿಚಾರಣೆಯೂ ಆಗಿಲ್ಲ.

ಈ ವರ್ಷದ ಆಗಸ್ಟಿನ ಆ ತಾರೀಖನ್ನು ಮಾತ್ರ ನಾನು ಮರೆಯಲಾರೆ. ಅಂಗಡಿ ಹೋದ ಮೇಲೆ ನೀನು ರಾಣೇಬೆನ್ನೂರಿನ ಬೀಜದ ಪ್ಲಾಟುಗಳಲ್ಲಿ ಕೂಲಿಗೆ ಹೋಗುತ್ತಿದ್ದೆ. ಬೆಂಡೆಯ ಕ್ರಾಸಿಂಗ್ ನಡೆಯುತ್ತಿತ್ತು. ಸಂಜೆ ಮೊಗ್ಗು ಬಿಡಿಸಿಟ್ಟರೆ ಮರುದಿನ ಬೆಳಿಗ್ಗೆ ಗಂಡುಹೂವಿನ ಪುಡಿ ಮುಟ್ಟಿಸಲೇಬೇಕು, ಬಿಸಿಲು ಏರಿದರೆ ಹೂವು ಹೋಯಿತು. "ಐವತ್ತು ಸಲ ಹೋಗೇನಿ, ಐವತ್ತು ಸಲ ಮುಂದ ಹಾಕ್ಯಾರ. ಇದೊಂದ ಸಲ ಹೂವಿನ ಕೆಲಸ ಮುಗಿಸಿ ಮಧ್ಯಾಹ್ನ ಹೋಗ್ತೀನಿ" ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಅದೇ ದಿನ ಹೊಸ ಜಡ್ಜ್ ಬಂದು ಹನ್ನೊಂದಕ್ಕೆ ನಿನ್ನ ಹೆಸರು ಕೂಗಿಸಿದರು. ಕೂಗಿದಾಗ ನೀನಿರಲಿಲ್ಲ. ವಾರಂಟ್ ಆಯಿತು. ಹೊಸ ಜಾಮೀನು ತಾ ಎಂದರು, ಸೋಮಪ್ಪ ಕಾಕಾ ಹೋದ ವರ್ಷವೇ ತೀರಿಕೊಂಡಿದ್ದಾನೆ. ನಮ್ಮ ಹೊಲ ಮೂರು ಮನೆಯ ಹೆಸರಿನಲ್ಲಿದೆ, ದೊಡ್ಡಪ್ಪನವರು ಸಹಿ ಮಾಡುವುದಿಲ್ಲ. ಆಗಿನಿಂದ ನೀನು ಒಳಗಿದ್ದೀ. ತಪ್ಪು ಮಾಡಿದ್ದಕ್ಕೆ ಒಳಗಿದ್ದೀ ಎಂದು ಇನ್ನೂ ಯಾರೂ ಹೇಳಿಲ್ಲ, ಮಾಡಿಲ್ಲ ಎಂದೂ ಹೇಳಿಲ್ಲ. ಜನ ಮಾತ್ರ ಹೇಳುತ್ತಾರೆ. ನನ್ನನ್ನು ನೋಡಲು ಬಂದಿದ್ದ ಹೊಸರಿತ್ತಿಯವರು ಚಹಾ ಕುಡಿದು, "ಕೇಸು ಮುಗೀಲಿ, ಆಮ್ಯಾಲ ನೋಡೋಣಂತ" ಎಂದು ಎದ್ದು ಹೋದರು. ಅವರ ಮಗನಿಗೆ ಈಗ ಎರಡು ಮಕ್ಕಳು. ಇದನ್ನು ಅಳುತ್ತಾ ಬರೆದೆ ಎಂದುಕೊಳ್ಳಬೇಡ, ಅವನ ಕಿವಿ ನನಗೆ ಹಿಡಿಸಿರಲಿಲ್ಲ.

ಮೊನ್ನೆ ಕೋರ್ಟಿನಿಂದ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರು ಸಿಕ್ಕರು ಹೇಳು? ಕೊಟ್ರಪ್ಪ. ಅವನಿಗೂ ಅದೇ ತಾರೀಖು ಸಮನ್ಸು ಇತ್ತು, ಅವನ ಸಾಕ್ಷಿಯನ್ನೂ ಯಾರೂ ಕೇಳಿರಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿದೆ. ಮೊದಮೊದಲು ಅವನು ನಮ್ಮನ್ನು ನೋಡಿದರೆ ಮುಖ ತಿರುಗಿಸುತ್ತಿದ್ದ. ಈಗ ತಾನೇ ಸರಿದು ಅವ್ವನಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟ. "ಕುಂದ್ರಬೇ ಅಕ್ಕಾ. ನಿನ್ನ ಮಗ ಒಳಗ, ನಾ ಹೊರಗ, ತಾರೀಖು ಮಾತ್ರ ಇಬ್ಬರಿಗೂ ಒಂದ" ಎಂದ. ದೂರು ವಾಪಸ್ ತೆಗೆದುಕೊಳ್ಳಲು ಹೋಗಿದ್ದನಂತೆ, ಇದು ಈಗ ನಿನ್ನ ಕೇಸಲ್ಲ, ಸರ್ಕಾರದ ಕೇಸು ಎಂದರಂತೆ. ಸಸಿಮಡಿ ಏಳದಿದ್ದ ಆ ವರ್ಷ ತಾನು ಮಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅತ್ತೆಯ ಊರಿಗೆ ಹೋಗಿ ಎರಡು ದಿನ ಉಳಿದಿದ್ದೆ ಎಂಬುದನ್ನೂ ಅವತ್ತು ಹೇಳಿದ. ಬೀಜ ಸುಟ್ಟದ್ದು ಹಾಳೆಯ ಕೆಳಗಿನ ಬೇಗೆಗೋ ಏನೋ, ಈಗ ತನಗೆ ನಿಕ್ಕಿ ಹೇಳಲು ಬರುವುದಿಲ್ಲ ಎಂದ. ಇದನ್ನು ಕೋರ್ಟಿನಲ್ಲಿ ಹೇಳುತ್ತೀಯಾ ಎಂದು ಅವ್ವ ಕೇಳಿದಳು. "ಕೇಳಿದ್ರ ಹೇಳ್ತೀನಿ. ಕೇಳವಲ್ರು" ಎಂದ. ಗುತ್ತಲದ ಬಸ್ಸು ಬಂದಾಗ ಎದ್ದು, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಮೆಲ್ಲಗೆ, "ಅಕ್ಕಾ, ಆ ಬೀಜ ಇನ್ನೂ ಅದಾವೇನು ನಿಮ್ಮಲ್ಲಿ? ಈಗಿನ ಕಾಯಿಗೆ ಆ ಬಣ್ಣ ಬರವಲ್ದು" ಎಂದು ಕೇಳಿದ. ಅವ್ವ ಅವನ ಮುಖ ನೋಡಿ, "ಕೇಸು ಮುಗೀಲಿ, ಕೊಡ್ತೀನಿ" ಎಂದಳು.

ಈಗ ಸರ್ಕಾರದಿಂದ ಕೊಟ್ಟಿರುವ ನಿನ್ನ ಹೊಸ ವಕೀಲರು ಶ್ರೀದೇವಿ ಮೇಡಂ ಬಹಳ ಒಳ್ಳೆಯವರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿಯೇ ಮಾತಾಡಿಸುತ್ತಾರೆ. ಇಪ್ಪತ್ತೇಳರಂದು ಕೋರ್ಟು ಮುಗಿದ ಮೇಲೆ, ಕೊಟ್ರಪ್ಪ ಸಿಗುವುದಕ್ಕೆ ಮೊದಲು, ಆಫೀಸಿಗೆ ಕರೆದು ನಮಗೆ ತಿಳಿಯುವ ಹಾಗೆ ಹೇಳಿದರು. ಕೇಸನ್ನು ಬೇಗ ನಡೆಸಿ ಮುಗಿಸುವುದು ಕೋರ್ಟು ನಿನಗೆ ಮಾಡುವ ಉಪಕಾರ ಅಲ್ಲವಂತೆ, ಅದು ನಿನ್ನ ಹಕ್ಕಂತೆ, ಬದುಕುವ ಹಕ್ಕಿನ ಒಳಗೇ ಅದೂ ಇದೆಯಂತೆ. ಮೂರನೆಯ ಪಾಲನ್ನು ಆರೋಪಿಗೆ ಕೊಡುವುದೇ, ಮೊದಲ ಪರೀಕ್ಷೆ ತಪ್ಪು ಎನಿಸಿದರೆ ಮತ್ತೊಮ್ಮೆ ಪರೀಕ್ಷೆ ಕೇಳಲಿ ಎಂದು. ಮೆಣಸಿನ ಬೀಜಕ್ಕೆ ಜೀವ ಇರುವುದು ಎರಡು ವರ್ಷ, ಹೆಚ್ಚೆಂದರೆ ಮೂರು. ನಿನ್ನನ್ನು ಕೋರ್ಟು ಮೊದಲ ಸಲ ಕರೆದದ್ದೇ ಮೂರನೆಯ ವರ್ಷ. "ಅಂದರೆ ನಿಮ್ಮಣ್ಣನ ಹಕ್ಕು ಆ ಚೀಲದಾಗ ಕುಂತು ಸತ್ತೈತಿ. ಸಾಯಿಸಿದ್ದು ತಡ ಮಾಡಿದವರು. ಇದನ್ನ ಹಿಡಕೊಂಡು ಧಾರವಾಡದ ಹೈಕೋರ್ಟಿಗೆ ಹೋಗೋಣ, ಕೇಸು ರದ್ದು ಮಾಡ್ರಿ ಅಂತ ಕೇಳೋಣ" ಎಂದರು. ಮುದ್ರೆ ಒಡೆಯದ ಚೀಲವನ್ನು ಹದಿನೆಂಟಕ್ಕೆ ಜಡ್ಜ್ ಮುಂದೆ ಇಟ್ಟರೆ ಅದೇ ನಮ್ಮ ದೊಡ್ಡ ಸಾಕ್ಷಿಯಂತೆ. ಲ್ಯಾಬಿಗೆ ಕಳಿಸಿದರೂ ಹೆದರಬೇಡಿ, ಈಗ ಪರೀಕ್ಷೆ ಮಾಡಿದರೆ ಒಂದೂ ಏಳಬಾರದು, ಏಳದಿದ್ದಷ್ಟೂ ನಮಗೇ ಒಳ್ಳೆಯದು ಎಂದು ನಕ್ಕರು. ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಹೋದ ಭೇಟಿಯಲ್ಲಿ ನೀನು ಇನ್ನೊಂದು ಮಾತು ಹೇಳಿದೆ. ನಿನ್ನ ಕೋಣೆಯ ಯಾರೋ ಹೇಳಿದನಂತೆ, ತಪ್ಪು ಒಪ್ಪಿಕೊಂಡರೆ ಇಲ್ಲಿಯವರೆಗೆ ಕೂತ ದಿನವೇ ಶಿಕ್ಷೆ ಎಂದು ಬಿಟ್ಟುಬಿಡುತ್ತಾರೆ, ಒಂದು ವಾರದಲ್ಲಿ ಮನೆ. ನೀನು ಅದನ್ನು ನಗುತ್ತಾ ಹೇಳಿದೆ, ಆದರೆ ನಿನ್ನ ಕಣ್ಣು ಅವ್ವನ ಕಡೆ ಇರಲಿಲ್ಲ. ನಿನಗೆ ಸಾಕಾಗಿದೆ ಎಂದು ನನಗೆ ಗೊತ್ತು. ಒಂದು ಕಡೆ ನೀನು ನಾಳೆಯೇ ಬಾಗಿಲು ದಾಟಿ ಬರಲಿ ಎನ್ನಿಸುತ್ತದೆ. ಅವ್ವ ಅವತ್ತು ಮನೆಗೆ ಬಂದು, ಕೈಕಾಲು ತೊಳೆದು, ಒಲೆಯ ಮುಂದೆ ಕೂತ ಮೇಲೆ, "ಅಂವ ಒಪ್ಪಿಕೊಂಡ ಅಂದ್ರ ನಾ ಕೊಟ್ಟ ಬೀಜ ಖೊಟ್ಟಿ ಅಂದಂಗಾತು" ಎಂದಳು. ಒಲೆಗೆ ಕಟ್ಟಿಗೆ ಸರಿಸಿ ಮತ್ತೆ, "ಆದ್ರೂ ಬರ್ಲಿ" ಎಂದಳು. ಆ ಎರಡು ಮಾತುಗಳ ನಡುವೆ ನಾನು ಹದಿನೈದು ದಿನದಿಂದ ಅಡ್ಡಾಡುತ್ತಿದ್ದೇನೆ. ಯಾವ ಕಡೆ ಹೋದರೂ ಗೋಡೆ.

ಆ ಚೀಲ ಈಗಲೂ ಅಡುಗೆಮನೆಯ ಮೂಲೆಯಲ್ಲಿ, ಬೂದಿ ತುಂಬಿದ ಗಡಿಗೆಯೊಳಗೆ, ನೀನು ನೋಡಿದ್ದ ಜಾಗದಲ್ಲೇ ಇದೆ. ನಿನಗೆ ನೆನಪಿದೆಯಲ್ಲ, ರೋಹಿಣಿ ಮಳೆಗೆ ಮೊದಲು ಅವ್ವ ಎಲ್ಲ ಗಡಿಗೆಗಳನ್ನೂ ಕೆಳಗಿಳಿಸಿ, ಬೀಜವನ್ನು ಮೊರದಲ್ಲಿ ಹರಡಿ, ಮುಟ್ಟಿ, ಕಿವಿಯ ಹತ್ತಿರ ಅಲುಗಾಡಿಸಿ ನೋಡುವುದು? ಯಾವುದು ಎಷ್ಟನೆಯ ವರ್ಷದ್ದು ಎಂದು ಬಾಯಲ್ಲೇ ಲೆಕ್ಕ ಹೇಳುತ್ತಾಳೆ. ಜೋಳಕ್ಕೆ ಇಷ್ಟು, ಅವರೆಗೆ ಇಷ್ಟು, ಮೆಣಸಿನಕಾಯಿ ಎರಡನೆಯ ವರ್ಷ ಮಣ್ಣು ಕಾಣಲೇಬೇಕು. ಮಣ್ಣು ಕಾಣಿಸದೆ ಬಿಟ್ಟ ಬೀಜವನ್ನು ನೋಡಿದರೆ ಮನೆಯಲ್ಲಿ ಯಾರೋ ಉಣ್ಣದೆ ಮಲಗಿದ ಹಾಗೆ ಮುಖ ಮಾಡುತ್ತಾಳೆ. ಈಗ ದಿನಾ ಸಂಜೆ ಆ ಗಡಿಗೆಯ ಹತ್ತಿರ ಹೋಗಿ ಕೂರುತ್ತಾಳೆ, ಮುಚ್ಚಳ ತೆಗೆಯುವುದಿಲ್ಲ.

ಮತ್ತೇನು ಬರೆಯಲಿ. ಜಾಗ ತುಂಬಿತು. ಊಟ ಬಿಡಬೇಡ. ಯಾರ ಜೊತೆಗೂ ಜಗಳವಾಡಬೇಡ, ಜೂಜಿಗೆ ಕೂರಬೇಡ. ಅವ್ವ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದೇನೆ ಎಂದು ಬರೆ ಎಂದಳು, ಇಟ್ಟಿದ್ದಾಳೆ ಎಂದುಕೋ. ಸೈದಾಬಿ ಸಲಾಮು ಹೇಳಿದ್ದಾಳೆ, ಬಂದ ಮೇಲೆ ನಿನಗೆ ಬಿರಿಯಾನಿಯಂತೆ, ನನಗೆ ಬೈಗುಳವಂತೆ. ಮೈಲಾರಲಿಂಗ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ದೀಪಿಕಾ

ತಾ. ಕ.: ಸೋಮವಾರ ಬೆಳಿಗ್ಗೆ. ಬಸ್ಸಿಗಾಗಿ ನಿಂತಿದ್ದೇನೆ, ಬುತ್ತಿಯ ಚೀಲದ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ನಿನ್ನೆ ಅಷ್ಟೆಲ್ಲ ಬರೆದು ಹೇಳಬೇಕಾದದ್ದನ್ನೇ ಹೇಳಲಿಲ್ಲ. ಅಣ್ಣಾ, ಹದಿನೆಂಟಕ್ಕೆ ಮತ್ತೆ "ಯಾರೂ ಮುಟ್ಟಿಲ್ಲ" ಎಂದು ಹೇಳಬೇಡ. ನಾವು ಮುಟ್ಟಿದ್ದೇವೆ. ಎರಡು ಸಲ. ೨೦೨೧ರಲ್ಲಿ, ನೀನು ರಾಣೇಬೆನ್ನೂರಿನಲ್ಲಿದ್ದಾಗ, ರೋಹಿಣಿ ಮಳೆಗೆ ಅವ್ವ ಆ ಚೀಲ ಹಿಡಿದು ಕೂತು, "ಎರಡು ವರ್ಸ ಆತು. ಇವು ಸತ್ತುವಂದ್ರ ನಾಳೆ ಕೇಳಿದಾಗ ಏನು ತೋರ್ಸೂದು?" ಎಂದಳು. ಅರಗು ಮುಟ್ಟಲಿಲ್ಲ. ಬುಡದ ಹೊಲಿಗೆಯನ್ನು ನಾನು ಬಿಚ್ಚಿದೆ. ಹಿತ್ತಲಲ್ಲಿ ಬಿತ್ತಿದೆವು, ಬೇರೆ ಗಿಡದ ಬೆರಕೆ ಆಗದಂತೆ ಸುತ್ತ ಹಳೆಯ ಸೀರೆ ಕಟ್ಟಿದೆವು. ಸೀರೆ ಕೋಳಿ ತಡೆಯಲಿಕ್ಕೆ ಎಂದು ನಿನಗೆ ಹೇಳಿದ್ದೆವು. ಆ ಗಿಡದ ಬೀಜವನ್ನು ಮತ್ತೆ ಅದೇ ಚೀಲಕ್ಕೆ ತುಂಬಿ, ಅದೇ ತೂತುಗಳಲ್ಲಿ ದಾರ ಹಾಕಿ ಹೊಲಿದೆ. ೨೦೨೩ರಲ್ಲಿ ಇನ್ನೊಮ್ಮೆ. ಈಗ ಒಳಗಿರುವುದು ನೀನು ತಂದ ಬೀಜದ ಮೊಮ್ಮಕ್ಕಳು. ಅವ್ವನಿಗೆ ಅದು ಅದೇ ಬೀಜ. ಕಾನೂನಿನಲ್ಲಿ ನಾನು ಮಾಡಿದ್ದಕ್ಕೆ ಏನೋ ಒಂದು ಹೆಸರು ಇರಲೇಬೇಕು.

ಲ್ಯಾಬಿಗೆ ಹೋದರೆ ಅವು ಏಳುತ್ತವೆ. ಆರು ವರ್ಷದ ಬೀಜ ಏಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆಗ ನೀನು ಖರೇ ಮೋಸಗಾರನಾಗುತ್ತೀ. ಮೇಡಂ ನಕ್ಕು ಹೇಳಿದ ಮರುದಿನ ನಾನು ಒಲೆಯ ಮೇಲೆ ಹಂಚು ಇಟ್ಟೆ. ಹುರಿದು ತುಂಬಿದರೆ ಒಂದೂ ಏಳುವುದಿಲ್ಲ, ನನ್ನ ಹೊಲಿಗೆಯನ್ನು ಯಾರೂ ಗುರುತಿಸುವುದಿಲ್ಲ, ನೀನು ಮನೆಗೆ ಬರುತ್ತೀ. ಅವ್ವ ತಾನೇ ಚೀಲ ತಂದು ನನ್ನ ಕೈಯಲ್ಲಿಟ್ಟು, ಗೋಡೆಯ ಕಡೆ ತಿರುಗಿ ಕೂತಳು. "ಅವರು ಕೇಳೂದು ತಡ ಮಾಡಿದ್ರ ನಾವು ಸಾಯಾಕ ಬಿಡಬೇಕಿತ್ತೇನು?" ಎಂದಳು, ಗೋಡೆಗೆ. ಹಂಚು ಕೆಂಪಗಾಗುವವರೆಗೂ ಚೀಲ ಹಿಡಿದು ನಿಂತಿದ್ದೆ. ಆಗಲಿಲ್ಲ. ಮೇಡಂಗೆ ಕೊಡಲು ಇನ್ನೊಂದು ಹಾಳೆಯಲ್ಲಿ ಎಲ್ಲ ಬರೆದಿದ್ದೇನೆ, ಇವತ್ತು ಕೆಲಸ ಬಿಟ್ಟ ಮೇಲೆ ಹಾವೇರಿಗೆ ಹೋಗಿ ಅವರ ಕೈಗೆ ಕೊಡುತ್ತೇನೆ, ಬಾಯಿ ಬಂದರೂ ಬಾರದಿದ್ದರೂ. ಹೊಲಿದದ್ದು ನಾನು ಎಂದು ಬರೆದಿದ್ದೇನೆ, ಅವ್ವನ ಹೆಸರು ಬರೆದಿಲ್ಲ. ಇಲ್ಲಿ ಬರೆದುಬಿಟ್ಟಿದ್ದೇನೆ, ಹೊಡೆದುಹಾಕಲು ಈಗ ಹೊತ್ತಿಲ್ಲ.

ಹಂಚು ಇಳಿಸಿದ ದಿನ ಅದೇ ಚೀಲದ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಇವತ್ತು ಬಿಚ್ಚಿ ನೋಡಿದೆ, ಒಂಬತ್ತು ಮೊಳೆತಿವೆ. ಬಸ್ಸು ಬಂತು. ಇದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ, ನಿನಗೆ ಬಿಟ್ಟು, ನಿನಗಿಂತ ಮೊದಲು ಓದಿದ ಸಾಹೇಬರಿಗೆ ಬಿಟ್ಟು.